ಹುಡೆ, ವಾಡೆ, ಬುರುಜು: ವಿಜಯಪುರದ ಉಪಲಿ ಬುರುಜಿನ ವಾಸ್ತು ವಿಚಾರ

ಬನಹಟ್ಟಿ, ಜಮಖಂಡಿ, ಮುಧೋಳ ಸೀಮೆಯಲ್ಲಿ ಹಳ್ಳಿಯ ಕಾವಲು ಗೋಪುರಕ್ಕೆ ‘ಹುಡೆ’ ಎನ್ನುತ್ತಾರೆ. ಗೌಡರ, ದೇಸಾಯರ ಕೋಟೆಯಂಥ ಮನೆಗೆ ‘ವಾಡೆ’. ಹುಡೇದ, ವಾಡೇದ ಎಂಬ ಅಡ್ಡಹೆಸರುಗಳಲ್ಲಿಯೂ ಈ ಎರಡು ಪದಗಳು ಬದುಕಿವೆ. ಯುರೋಪಿನ ಮಧ್ಯಯುಗದ ಕೋಟೆಯಲ್ಲಿ ಇವೆರಡರ ಕೆಲಸವನ್ನೂ ಒಂದೇ ಕಟ್ಟಡ ನಿರ್ವಹಿಸುತ್ತಿತ್ತು. 1078ರ ಸುಮಾರಿಗೆ ಆರಂಭವಾದ ಲಂಡನ್ನಿನ ಬಿಳಿ ಗೋಪುರದಲ್ಲಿ ಅರಸನ ಕೋಣೆ, ಪ್ರಾರ್ಥನಾ ಮಂದಿರ, ಬಾವಿ ಎಲ್ಲವೂ ದಪ್ಪ ಗೋಡೆಗಳ ಒಳಗೇ ಇವೆ. ನಮ್ಮ ಸೀಮೆ ವಾಸವನ್ನೂ ಕಾವಲನ್ನೂ ಬೇರೆ ಬೇರೆಯಾಗಿ ಕಟ್ಟಿತು. ಇದನ್ನು ಉಪಲಿ ಬುರುಜಿನ ಆಧಾರದಿಂದ ತೋರಿಸುವುದು ಈ ಲೇಖನದ ಉದ್ದೇಶ.

ವಿಜಯಪುರದ ಹೊರಕೋಟೆ 1565ರಲ್ಲಿ, ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ ಪೂರ್ಣಗೊಂಡಿತು. ಉಪಲಿ ಬುರುಜು ಆಮೇಲಿನದು; 1584ರ ಸುಮಾರಿಗೆ ಸರದಾರ ಹೈದರ್ ಖಾನ್ ಕಟ್ಟಿಸಿದ್ದು. ಕೋಟೆಗೋಡೆಯ ಬುರುಜುಗಳನ್ನು ಕಟ್ಟಿಸುವಾಗ ದಂಡಯಾತ್ರೆಯಲ್ಲಿದ್ದ ಆತ, ತನ್ನ ಪಾಲಿನದನ್ನು ಎಲ್ಲಕ್ಕಿಂತ ಎತ್ತರವಾಗಿ ಕಟ್ಟಿಸಿದನೆಂಬ ಐತಿಹ್ಯವಿದೆ. ಐತಿಹ್ಯ ಏನೇ ಹೇಳಲಿ, ಕಟ್ಟಡದ ನೆಲೆಯೇ ಗಮನಾರ್ಹ. ಕೊತ್ತಳದಂತೆ ಗೋಡೆಗೆ ಅಂಟಿಕೊಳ್ಳದೆ, ಗೋಡೆಯ ಒಳಬದಿಯಲ್ಲಿ ಅದು ಒಂಟಿಯಾಗಿ ಸುಮಾರು 80 ಅಡಿ ಎದ್ದು ನಿಂತಿದೆ.

ಇದರ ಸ್ವಭಾವವನ್ನು ಬಿಡಿಸಿ ಹೇಳುವುದು ಮೆಟ್ಟಿಲು. ಕಲ್ಲಿನ ಪಾವಟಿಗೆಗಳು ಬುರುಜಿನ ಹೊರಮೈಯನ್ನೇ ಸುತ್ತಿಕೊಂಡು ಮೇಲೇರುತ್ತವೆ. ಬಿಳಿ ಗೋಪುರದಲ್ಲಿ ಬಾಗಿಲು ನೆಲದಿಂದ ಮೇಲಿದೆ, ಸುರುಳಿ ಮೆಟ್ಟಿಲು ಒಳಗಿದೆ. ಅಲ್ಲಿ ಕಾಯಬೇಕಾದ ಮನೆಯಿತ್ತು. ಉಪಲಿ ಬುರುಜಿನಲ್ಲಿ ವಾಸದ ಅಂತಸ್ತುಗಳಿಲ್ಲ. ಆದ್ದರಿಂದ ಏರುವ ದಾರಿಯನ್ನು ಬಚ್ಚಿಡುವ ಅಗತ್ಯವೂ ಬೀಳಲಿಲ್ಲ.

ನೆತ್ತಿಯ ಮೇಲೆ ಎರಡು ತೋಪುಗಳಿವೆ. ದೊಡ್ಡದರ ಉದ್ದ ಸುಮಾರು 30 ಅಡಿ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಬಂಡಿಯ ಗಾಲಿಗೆ ಹಳಿ ಏರಿಸುವಂತೆ ಮೇಲೆ ಬಳೆಗಳನ್ನು ತೊಡಿಸಿ ಬೆಸೆದದ್ದು. ಬಯಲುಸೀಮೆಯಲ್ಲಿ ಎತ್ತರವೆಂದರೆ ದೂರದ ನೋಟ, ದೂರದ ಗುರಿ. ಆದರೆ ಬುಡಕ್ಕೇ ಬಂದ ವೈರಿಯನ್ನು ಇಂಥ ಎತ್ತರದ ತೋಪು ಹೊಡೆಯಲಾರದು. ಆ ಕೆಲಸ ಹೊರಗೋಡೆಯದು. ಹೀಗೆ ಬುರುಜು ಕೋಟೆಯ ಕಣ್ಣಾಗಿತ್ತೇ ಹೊರತು ಕೊನೆಯ ಆಸರೆಯಾಗಿರಲಿಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ನಗರದ ನಡುವಿನ ಅರಕಿಲ್ಲೆಯಲ್ಲಿದೆ. 1583ರ ಸುಮಾರಿಗೆ, ಎರಡನೆಯ ಇಬ್ರಾಹಿಂ ಇನ್ನೂ ಬಾಲಕನಾಗಿದ್ದಾಗಲೇ, ಅಲ್ಲಿ ಏಳಂತಸ್ತಿನ ಸಾತ್ ಮಂಜಿಲ್ ಎದ್ದಿತು. ಒಂದೆರಡು ವರ್ಷಗಳ ಅಂತರದಲ್ಲಿ, ಒಂದೇ ಆಳ್ವಿಕೆಯಲ್ಲಿ, ವಾಸಕ್ಕೊಂದು ಎತ್ತರ, ತೋಪಿಗೊಂದು ಎತ್ತರ. ಹಳ್ಳಿಯ ಮಟ್ಟದಲ್ಲಿ ವಾಡೆ ಮತ್ತು ಹುಡೆಗಳ ನಡುವೆ ಇರುವುದೂ ಇದೇ ವಿಭಜನೆ. 1686ರಲ್ಲಿ ನಗರ ಔರಂಗಜೇಬನಿಗೆ ಶರಣಾದಾಗ ಸಿಕಂದರ್ ಆದಿಲ್‌ಶಾಹನಿಗೆ ಈ ಬುರುಜು ರಕ್ಷೆಯಾಗಲಿಲ್ಲ. ಅದನ್ನು ಕಟ್ಟಿದ್ದೂ ಅದಕ್ಕಲ್ಲ.

ವಿಜಯಪುರದ ಕಟ್ಟಡಗಳನ್ನು ಕುರಿತ ಹೆನ್ರಿ ಕಸಿನ್ಸ್‌ರ ದೊಡ್ಡ ಗ್ರಂಥ 1916ರಲ್ಲೇ ಪ್ರಕಟವಾಯಿತು. ಕೃಷ್ಣೆಯ ಈಚೆಯ ಹುಡೆಗಳಿಗೂ ಅಂಥ ಅಳತೆ, ನಕ್ಷೆ ಬೇಕು. ಕಲ್ಲಿನ ಹೊರಮೈ, ಒಳಗೆ ಮಣ್ಣಿನ ತುಂಬು ಇರುವ ಹುಡೆಯಿಂದ ನಾಲ್ಕು ಕಲ್ಲು ಕಿತ್ತರೆ ಸಾಕು, ಮಳೆನೀರು ಒಳಗಿಳಿದು ಗೋಡೆ ಹೊಟ್ಟೆ ಬಿಡುತ್ತದೆ, ಆಮೇಲೆ ಕುಸಿಯುತ್ತದೆ. ಉಪಲಿ ಬುರುಜಿನ ಅರ್ಥ ಪೂರ್ತಿ ತಿಳಿಯುವುದು ಅದರ ಬಂಧುಗಳಾದ ಈ ಹುಡೆಗಳ ಜೊತೆಗಿಟ್ಟು ನೋಡಿದಾಗ. ಅವು ಮಣ್ಣುಗೂಡುವ ಮೊದಲೇ ಅಳೆಯುವ ಕೆಲಸ ನಡೆಯಬೇಕು.