ಅಲಾರಂ ಹೊಡೆಯದ ಮಧ್ಯಾಹ್ನ

ಇವತ್ತು ಒಂದು ಮಧ್ಯಾಹ್ನದ ಕಥೆ ಹೇಳ್ತೀನಿ. 2003ರ ಆಗಸ್ಟ್ 14, ಗುರುವಾರ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರು, ಫಸ್ಟ್‌ಎನರ್ಜಿ ಅನ್ನೋ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಂ. ಯಾವ ಲೈನಿನಲ್ಲಿ ಎಷ್ಟು ಕರೆಂಟ್ ಹರೀತಿದೆ, ಯಾವುದು ಟ್ರಿಪ್ ಆಗಿದೆ ಅನ್ನೋ ಮಾಹಿತಿಯೆಲ್ಲ ಅಲ್ಲಿಗೆ ಬಂದು ಸೇರುತ್ತೆ. ಏನಾದ್ರೂ ಎಡವಟ್ಟಾದರೆ ಕಂಪ್ಯೂಟರ್ ಅಲಾರಂ ಕೊಡುತ್ತೆ. ಅಲ್ಲಿ ಕೂತ ಆಪರೇಟರ್‌ಗಳು ನಂಬಿದ್ದು ಅದನ್ನೇ.

ಮಧ್ಯಾಹ್ನ 2:14ಕ್ಕೆ ಆ ಅಲಾರಂ ಸಾಫ್ಟ್‌ವೇರ್ ನಿಂತುಹೋಯಿತು. ಸ್ಕ್ರೀನ್ ಕಪ್ಪಾಗಲಿಲ್ಲ, ಎರರ್ ಕಾಣಲಿಲ್ಲ. ಬರಬೇಕಾದ ಅಲಾರಂಗಳು ಬರೋದು ನಿಂತವು, ಅಷ್ಟೇ. ಆ ಕುರ್ಚಿಯಲ್ಲಿ ನೀವಿದ್ದಿದ್ರೆ ಏನಂದುಕೊಳ್ತಿದ್ರಿ? ಎಲ್ಲಾ ಸರಿ ಇದೆ ಅಂತ ತಾನೇ?

2:27ಕ್ಕೆ 345 ಕಿಲೋವೋಲ್ಟ್‌ನ ಒಂದು ಲೈನ್ ಟ್ರಿಪ್ ಆಗಿ ಮತ್ತೆ ಕೂಡಿಕೊಂಡಿತು. 2:32ಕ್ಕೆ ನೆರೆಯ ಕಂಪನಿ ಎಇಪಿಯಿಂದ ಆ ಬಗ್ಗೆ ಫೋನ್ ಬಂತು. ಇವರ ಅಲಾರಂ ಪಟ್ಟಿಯಲ್ಲಿ ಮಾತ್ರ ಅಂಥದ್ದೇನೂ ಇಲ್ಲ. ಫೋನಿನಲ್ಲಿರೋ ಮನುಷ್ಯನನ್ನ ನಂಬಬೇಕಾ, ಮುಂದಿರೋ ಯಂತ್ರವನ್ನಾ? ಯಂತ್ರ ಗೆದ್ದಿತು.

2:41ಕ್ಕೆ ಅಲಾರಂ ನಡೆಸುತ್ತಿದ್ದ ಸರ್ವರ್ರೇ ಬಿತ್ತು. ಐಟಿ ವಿಭಾಗದವರ ಪೇಜರ್‌ಗೆ ತಾನಾಗೇ ಸಂದೇಶ ಹೋಯಿತು. ಅವರು ಬಂದು ರೀಬೂಟ್ ಮಾಡಿದರು. 3:08ರ ಹೊತ್ತಿಗೆ ಸರ್ವರ್ ಎದ್ದು ಕೂತಿತ್ತು. ಆದರೆ ಅಲಾರಂ ಪ್ರೋಗ್ರಾಂ ಎದ್ದಿರಲಿಲ್ಲ. ‘ಈಗ ನಿಮಗೆ ಅಲಾರಂ ಬರ್ತಿದೆಯಾ’ ಅಂತ ಕಂಟ್ರೋಲ್ ರೂಮಿನವರನ್ನ ಒಂದು ಮಾತು ಕೇಳಿದ್ದರೆ ಗೊತ್ತಾಗ್ತಿತ್ತು. ಕೇಳಲಿಲ್ಲ.

ಇದರ ಮೇಲೆ ಇನ್ನೊಬ್ಬ ಕಾವಲುಗಾರ ಇದ್ದ. ಇಡೀ ಪ್ರದೇಶದ ಗ್ರಿಡ್ ನೋಡಿಕೊಳ್ಳುವ ಮೈಸೋ ಸಂಸ್ಥೆ. ಅಲ್ಲಿ 5 ನಿಮಿಷಕ್ಕೊಮ್ಮೆ ಓಡಿ ಗ್ರಿಡ್‌ನ ಸ್ಥಿತಿ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಇತ್ತು. ಆವತ್ತು ಅದರಲ್ಲಿ ತಪ್ಪು ಉತ್ತರ ಬಂದಾಗ ಒಬ್ಬ ಅನಲಿಸ್ಟ್ ಆಟೋಮ್ಯಾಟಿಕ್ ಓಟವನ್ನ ಆಫ್ ಮಾಡಿ ರಿಪೇರಿ ಮಾಡಿದ. ಮತ್ತೆ ಆನ್ ಮಾಡೋದು ಮರೆತು ಊಟಕ್ಕೆ ಹೋದ.

ಇತ್ತ 3:05, 3:32, 3:41ಕ್ಕೆ ಒಂದರ ಹಿಂದೆ ಒಂದು ಮೂರು ದೊಡ್ಡ ಲೈನ್‌ಗಳು ಜೋತು ಕೆಳಗಿನ ಮರಗಳಿಗೆ ತಾಗಿ ಬಿದ್ದವು. 4:10 ದಾಟಿ ಕೆಲವೇ ನಿಮಿಷದಲ್ಲಿ ಅಮೆರಿಕದ 8 ರಾಜ್ಯಗಳು ಮತ್ತು ಕೆನಡಾದ ಒಂಟಾರಿಯೊ ಸೇರಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ನ್ಯೂಯಾರ್ಕ್ ಕೂಡ ಕತ್ತಲಾಯಿತು.

ಆಮೇಲೆ ವಾರಗಟ್ಟಲೆ ಹುಡುಕಿದಾಗ ಸಿಕ್ಕಿದ್ದು ಒಂದು ರೇಸ್ ಕಂಡಿಷನ್. ಇಬ್ಬರು ಗುಮಾಸ್ತರು ಒಂದೇ ಲೆಡ್ಜರಿನಲ್ಲಿ ಒಂದೇ ಕ್ಷಣಕ್ಕೆ ಬರೆಯೋಕೆ ಹೋದ ಹಾಗೆ. ಮರ ಕಡಿಯಲಿಲ್ಲ, ಬಗ್ ಇತ್ತು ಅಂತ ಎಲ್ಲರೂ ಹೇಳ್ತಾರೆ, ಅದೂ ನಿಜವೇ. ಆದರೆ ನನಗೆ ಹೆಚ್ಚು ಕಾಡೋದು ಬೇರೆ: ‘ಸದ್ದಿಲ್ಲ ಅಂದ್ರೆ ಕ್ಷೇಮ’ ಅಂತ ಅರ್ಥ ಬರೋ ಹಾಗೆ ಆ ವ್ಯವಸ್ಥೆ ಕಟ್ಟಿದ್ದು. ಯಾಕಂದ್ರೆ ರೈಲ್ವೆಯವರು ಈ ಸಮಸ್ಯೆಯನ್ನ 130 ವರ್ಷ ಮೊದಲೇ ಬಗೆಹರಿಸಿದ್ದರು.

ಅಮೆರಿಕದ ವಿಲಿಯಂ ರಾಬಿನ್ಸನ್ ಮೊದಲು ಮಾಡಿದ ಸಿಗ್ನಲ್‌ನಲ್ಲಿ ರೈಲು ಬಂದಾಗ ಕರೆಂಟ್ ಹರಿದು ಅಪಾಯ ತೋರಿಸ್ತಿತ್ತು. ತಂತಿ ತುಂಡಾದರೆ? ಕರೆಂಟೇ ಇಲ್ಲ, ಅಂದ್ರೆ ದಾರಿ ಖಾಲಿ! 1872ರಲ್ಲಿ ಆತ ಅದನ್ನ ತಲೆಕೆಳಗು ಮಾಡಿದ. ಹಳಿಯಲ್ಲಿ ಯಾವಾಗಲೂ ಸಣ್ಣ ಕರೆಂಟ್ ಹರೀತಿರಬೇಕು. ಹರಿದರೆ ಮಾತ್ರ ದಾರಿ ಸಲೀಸು. ರೈಲು ಬರಲಿ, ತಂತಿ ಕಡಿಯಲಿ, ಬ್ಯಾಟರಿ ಸಾಯಲಿ, ಸಿಗ್ನಲ್ ಅಪಾಯಕ್ಕೇ ಬೀಳುತ್ತೆ.

ಸಾಫ್ಟ್‌ವೇರ್ ಲೋಕ ಮಾತ್ರ ಇದನ್ನ ಮತ್ತೆ ಮೊದಲಿಂದ ಕಲಿಯಬೇಕಾಯಿತು. ಬೆಂಗಳೂರಲ್ಲಿ ರಾತ್ರಿ ಆನ್-ಕಾಲ್ ಡ್ಯೂಟಿ ಮಾಡೋರಿಗೆ ಪ್ರೊಮಿಥಿಯಸ್ ಹೆಸರು ಹೊಸದಲ್ಲ. 2012ರಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಶುರುವಾದ ಮಾನಿಟರಿಂಗ್ ಟೂಲ್ ಅದು. ‘ಎರರ್ ನೂರಕ್ಕೆ 5 ದಾಟಿದರೆ ಎಬ್ಬಿಸು’ ಅಂತ ನಿಯಮ ಬರೀತೀರಿ. ಅಳತೆ ಕಳಿಸೋ ಪ್ರೋಗ್ರಾಂ ಸತ್ತರೆ ಸಂಖ್ಯೆಯೇ ಬರಲ್ಲ. ಇಲ್ಲದ ಸಂಖ್ಯೆ 5 ದಾಟೋದು ಹೇಗೆ? ನೀವು ನಿದ್ದೆ ಮಾಡ್ತಿರ್ತೀರಿ. ಜೊತೆಗೆ, ಸತ್ತ ಮೆಟ್ರಿಕ್‌ನ ಕೊನೆಯ ಬೆಲೆ 5 ನಿಮಿಷದವರೆಗೆ ಜೀವಂತ ಇರೋ ಹಾಗೇ ಕಾಣಿಸ್ತಿತ್ತು. 2017ರ ನವೆಂಬರಿನಲ್ಲಿ ಎರಡನೇ ಆವೃತ್ತಿ ಬಂದ ಮೇಲೆ ಅದು ಸುಧಾರಿಸಿತು.

ಹಾಗಾಗಿ ಈಗ ‘ಈ ಮೆಟ್ರಿಕ್ ಬರ್ತಾನೇ ಇಲ್ಲವಾ’ ಅಂತ ಕೇಳೋಕೇ ‘ಆಬ್ಸೆಂಟ್’ ಅನ್ನೋ ಫಂಕ್ಷನ್ ಇದೆ. ರಾತ್ರಿಯ ಬ್ಯಾಕಪ್‌ನಂಥ ಕೆಲಸಕ್ಕೆ ‘ಫೇಲ್ ಆಯಿತಾ’ ಅನ್ನೋದಕ್ಕಿಂತ ‘ಕೊನೆಗೆ ಪಾಸ್ ಆಗಿ ಎಷ್ಟು ಗಂಟೆ ಆಯಿತು’ ಅಂತ ನೋಡೋದು ಮೇಲು. ನನಗೆ ಬಹಳ ಇಷ್ಟವಾಗೋದು ‘ವಾಚ್‌ಡಾಗ್’ ಅನ್ನೋ ಅಲರ್ಟ್. ಅದು ಹಗಲೂ ರಾತ್ರಿ ಬೊಗಳ್ತಾನೇ ಇರಬೇಕು. ಬೊಗಳೋದು ನಿಂತರೆ, ಹೊರಗೆ ಕೂತ ಬೇರೊಂದು ವ್ಯವಸ್ಥೆ ನಿಮ್ಮನ್ನ ಎಬ್ಬಿಸುತ್ತೆ. ರಾಬಿನ್ಸನ್‌ನ ಹಳಿಯ ಕರೆಂಟೇ ಇದು.

ಹೊರಗೆ ಅನ್ನೋ ಪದ ಇಲ್ಲಿ ಮುಖ್ಯ. ಆಕ್ರನ್‌ನಲ್ಲಿ ಬ್ಯಾಕಪ್ ಸರ್ವರ್ ಇತ್ತು, 2:41ಕ್ಕೆ ಕೆಲಸ ವಹಿಸಿಕೊಂಡೂ ಇತ್ತು. ಆದರೆ ಮುಖ್ಯ ಸರ್ವರ್‌ನಲ್ಲಿದ್ದ ಎಲ್ಲವನ್ನೂ, ಸಿಕ್ಕಿಹಾಕಿಕೊಂಡಿದ್ದ ಅದೇ ಅಲಾರಂ ಪ್ರೋಗ್ರಾಂ ಸಮೇತ, ಹಾಗ್ ಹಾಗೇ ಎತ್ತಿಕೊಂಡಿತ್ತು. 13 ನಿಮಿಷಕ್ಕೆ ಅದೂ ಬಿತ್ತು.