ಲೆಕ್ಕಕ್ಕೆ ಸಿಗದ ಮುಖಗಳು: ನೋಮಾ, ಹಸಿವು ಮತ್ತು ನಮ್ಮ ಬಳ್ಳಾರಿ ಸೀಮೆ

ಹೊಸಪೇಟೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ಎಪಿಸೋಡ್ ಒಂದು ರೋಗದ ಇತಿಹಾಸ. ರೋಗದ ಹೆಸರು ನೋಮಾ. ಈ ಹೆಸರನ್ನ ನೀವು ಕೇಳಿಲ್ಲದೆ ಇರಬಹುದು. ಗೂಗಲ್ ಮಾಡೋಕೆ ಹೋಗ್ತಿದ್ರೆ ಒಂದು ನಿಮಿಷ ತಡೀರಿ, ಫೋಟೋಗಳು ನೋಡೋಕೆ ತುಂಬಾ ಕಷ್ಟ. ಮೊದಲು ಕಥೆ ಕೇಳಿ.

ನೋಮಾ ಬರೋದು ಹೆಚ್ಚಾಗಿ 2ರಿಂದ 6 ವರ್ಷದ ಮಕ್ಕಳಿಗೆ. ಶುರುವಾಗೋದು ವಸಡಿನ ಒಂದು ಹುಣ್ಣಿನಿಂದ. ವಸಡಲ್ಲಿ ರಕ್ತ, ಬಾಯಲ್ಲಿ ಕೆಟ್ಟ ವಾಸನೆ, ಆಮೇಲೆ ಕೆನ್ನೆ ಊದಿಕೊಳ್ಳುತ್ತೆ. ಕೆಲವೇ ದಿನಗಳಲ್ಲಿ ಕೆನ್ನೆ ಕಪ್ಪಾಗಿ ಕೊಳೆತು ತೂತು ಬೀಳುತ್ತೆ. ತುಟಿ, ಮೂಗು, ದವಡೆಯ ಮೂಳೆಯೂ ಹೋಗಬಹುದು. ಈ ಹೆಸರಿನ ಮೂಲ ಇರೋದು ಗ್ರೀಕ್ ಭಾಷೆಯಲ್ಲಿ. ಅದರ ಅರ್ಥ ಮೇಯುವುದು. ದನ ಹುಲ್ಲು ಮೇಯ್ದ ಹಾಗೆ ಮುಖವನ್ನ ಮೇಯುವ ರೋಗ. ಚಿಕಿತ್ಸೆ ಸಿಗದಿದ್ರೆ 100ರಲ್ಲಿ 90 ಮಕ್ಕಳು ಸಾಯ್ತಾರೆ. ಉಳಿದವರಿಗೆ ಬಾಯಿ ತೆರೆಯೋದು, ಊಟ ಮಾಡೋದು, ಮಾತಾಡೋದು ಎಲ್ಲವೂ ಕಷ್ಟ.

ಇದು ಒಬ್ಬರಿಂದ ಒಬ್ಬರಿಗೆ ಹರಡೋ ರೋಗ ಅಲ್ಲ. ಶಾಪವೂ ಅಲ್ಲ, ಯಾರದೋ ಪಾಪದ ಫಲವೂ ಅಲ್ಲ. ಒಂದೇ ಒಂದು ಕ್ರಿಮಿಯಿಂದ ಬರೋದೂ ಅಲ್ಲ. ಹೊಟ್ಟೆಗೆ ಸರಿಯಾಗಿ ಇಲ್ಲದ ಮಗುವಿಗೆ ದಡಾರವೋ ಮಲೇರಿಯಾವೋ ಬಂದು ಮೈಯ ಶಕ್ತಿ ಪೂರ್ತಿ ಕುಸಿದಾಗ, ಬಾಯಲ್ಲಿರೋ ಬ್ಯಾಕ್ಟೀರಿಯಾಗಳೇ ತಿರುಗಿ ಬೀಳ್ತವೆ.

ಹಾಗಾದ್ರೆ ಈ ರೋಗ ಎಷ್ಟು ಮಂದಿಗಿದೆ? ನಾನು ಓದಿದ್ದು ಬಿಕಾಂ, ಅದಕ್ಕೆ ಲೆಕ್ಕದಿಂದಲೇ ಶುರು ಮಾಡ್ತೀನಿ. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಅಂದಾಜು ಕೊಟ್ಟಿತು. ವರ್ಷಕ್ಕೆ 1,40,000 ಹೊಸ ಪ್ರಕರಣ, ಬದುಕಿ ಉಳಿದವರು 7,70,000. ಈಗ ಲೆಕ್ಕ ಹಾಕಿ. 10ರಲ್ಲಿ ಒಬ್ಬರು ಮಾತ್ರ ಉಳಿದ್ರೆ ವರ್ಷಕ್ಕೆ 14,000 ಜನ. ಆ ವೇಗದಲ್ಲಿ 7,70,000 ತಲುಪೋಕೆ 55 ವರ್ಷ ಬೇಕು. ಅಂದ್ರೆ ನಮಗೆ ಕಾಣೋದು ಉಳಿದವರು ಮಾತ್ರ. ಸತ್ತ ಮಗು ಆಸ್ಪತ್ರೆಯ ರಿಜಿಸ್ಟರಿಗೆ ಬರೋದೇ ಇಲ್ಲ. ವಾರ ಎರಡು ವಾರದಲ್ಲಿ ಮನೆಯೊಳಗೇ ಮುಗಿದುಹೋಗುತ್ತೆ. ಉಳಿದ ಮಗುವನ್ನೂ ಎಷ್ಟೋ ಮನೆಗಳಲ್ಲಿ ನಾಚಿಕೆಯಿಂದ ಒಳಗೇ ಇಡ್ತಾರೆ. ಆಮೇಲೆ ಬಂದ ಇನ್ನೊಂದು ಅಧ್ಯಯನದ ಅಂದಾಜು ವರ್ಷಕ್ಕೆ 30,000ದಿಂದ 40,000. ಒಂದೇ ರೋಗಕ್ಕೆ ಇಷ್ಟು ದೂರದೂರದ ಎರಡು ಸಂಖ್ಯೆ! ಯಾವ ಆಡಿಟರೂ ಒಪ್ಪದ ಲೆಕ್ಕ ಇದು.

ಇದನ್ನ ಆಫ್ರಿಕಾದ ರೋಗ ಅಂತ ಬದಿಗಿಡೋ ಹಾಗಿಲ್ಲ. 1595ರಲ್ಲಿ ಇದನ್ನ ವಿವರವಾಗಿ ಬರೆದದ್ದು ಕರೋಲಸ್ ಬಾಟಸ್ ಅನ್ನೋ ಡಚ್ ವೈದ್ಯ. ಒಂದು ಕಾಲಕ್ಕೆ ಯೂರೋಪಿನ ಬಡವರ ಕೇರಿಗಳಲ್ಲಿ ಇದು ಗೊತ್ತಿದ್ದ ರೋಗ. ಅಲ್ಲಿಂದ ಹೇಗೆ ಹೋಯ್ತು? ಪೆನಿಸಿಲಿನ್ ಜನರ ಕೈಗೆ ಬಂದದ್ದು 1940ರ ದಶಕದಲ್ಲಿ. ಅದಕ್ಕೂ ಎಷ್ಟೋ ಮುಂಚೆ ಯೂರೋಪಿನಲ್ಲಿ ನೋಮಾ ಹೆಚ್ಚುಕಡಿಮೆ ಮಾಯವಾಗಿತ್ತು. ಮಕ್ಕಳ ತಟ್ಟೆ ತುಂಬಿತು, ನೀರು ಶುದ್ಧವಾಯ್ತು, ರೋಗ ಹೋಯ್ತು. ತಟ್ಟೆ ಮತ್ತೆ ಖಾಲಿಯಾದಾಗ ಅದೂ ವಾಪಸ್ ಬಂತು. ನಾಜಿಗಳ ಔಶ್ವಿಟ್ಜ್ ಕ್ಯಾಂಪಿನಲ್ಲಿ ಹಸಿದ ರೋಮಾ ಮಕ್ಕಳ ಮುಖದ ಮೇಲೆ ನೋಮಾ ಕಾಣಿಸಿಕೊಂಡಿತು. ಬರ್ಗೆನ್-ಬೆಲ್ಸೆನ್‌ನಲ್ಲೂ ಅಷ್ಟೇ.

ಈಗ ನಮ್ಮೂರಿಗೆ ಬರೋಣ.

1876ರಲ್ಲಿ ಮಳೆ ಕೈಕೊಟ್ಟಿತು. ಹಿರಿಯರು ಧಾತು-ಈಶ್ವರ ಬರ ಅಂತಾರಲ್ಲ, ಅದೇ. ಆಗ ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ವೈಸ್‌ರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್ 1877ರಲ್ಲಿ ಕೂಲಿ ಕಡಿತ ಮಾಡಿದ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದ್ರೆ ಸುಮಾರು 450 ಗ್ರಾಂ, ಜೊತೆಗೆ ಒಂದಾಣೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಕಾರ್ನಿಶ್ ಇದನ್ನ ಬಹಿರಂಗವಾಗಿಯೇ ವಿರೋಧಿಸಿದ. ಇಷ್ಟರಲ್ಲಿ ದುಡಿಯೋ ಮನುಷ್ಯ ಬದುಕಲ್ಲ, ಬೇಳೆ ಬೇಕು, ತರಕಾರಿ ಬೇಕು ಅಂತ ವಾದಿಸಿದ. ಕೆಲವೇ ತಿಂಗಳಲ್ಲಿ ಆ ಕೂಲಿಯನ್ನ ಹೆಚ್ಚಿಸಲೇಬೇಕಾಯ್ತು. ಆದ್ರೆ ಅಷ್ಟರಲ್ಲಿ ತಡವಾಗಿತ್ತು. 1871ರ ಮತ್ತು 1881ರ ಜನಗಣತಿ ಪಕ್ಕಪಕ್ಕ ಇಟ್ಟು ನೋಡಿ. ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಭಾಗ ಇಳಿದಿದೆ.

ಆ ಸಾವುಗಳನ್ನ ಹೇಗೆ ಬರೆದುಕೊಂಡ್ರು ಅನ್ನೋದು ನನ್ನನ್ನ ತುಂಬಾ ಕಾಡುತ್ತೆ. ಆಗಿನ ಮರಣ ನೋಂದಣಿಯಲ್ಲಿ ಇದ್ದದ್ದು ಕೆಲವೇ ಕಾಲಂ: ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಕಾಯಿಲೆ, ಗಾಯ. ಉಳಿದದ್ದೆಲ್ಲ ‘ಇತರೆ ಕಾರಣಗಳು’. ಅಕೌಂಟ್ಸ್ ಓದಿದವರಿಗೆ ಗೊತ್ತಿರುತ್ತೆ, ಇತರೆ ಅನ್ನೋ ಕಾಲಂ ತುಂಬಾ ದಪ್ಪ ಆಗ್ತಿದೆ ಅಂದ್ರೆ ಅಲ್ಲಿ ಏನೋ ಅಡಗಿದೆ ಅಂತ ಅರ್ಥ. ಆ ಪುಸ್ತಕದಲ್ಲಿ ಹಸಿವಿಗೆ ಒಂದು ಕಾಲಂ ಇರಲಿಲ್ಲ. ಕೆನ್ನೆ ಕೊಳೆತು ಸತ್ತ ಮಗುವೂ ಜ್ವರ ಇಲ್ಲವೇ ಇತರೆ ಅಂತಲೇ ಸೇರಬೇಕಿತ್ತು. ಹಾಗಂತ ಆಗಿನ ವೈದ್ಯರಿಗೆ ಈ ರೋಗ ಗೊತ್ತಿರಲಿಲ್ಲ ಅಂತಲ್ಲ. ಅವರು ಇದನ್ನ ಕ್ಯಾಂಕ್ರಮ್ ಓರಿಸ್ ಅಂತಿದ್ರು. ಬಂಗಾಳ, ಅಸ್ಸಾಂ ಕಡೆ ಕಾಲಾ ಅಜಾರ್ ಬಂದವರಲ್ಲಿ ಇದನ್ನ ಕಂಡು ಬರೆದಿಟ್ಟಿದ್ದಾರೆ.

ಹಂಪಿಗೆ ಹೋದವರು ಕಲ್ಲಿನ ರಥದ ಮುಂದೆ ಸೆಲ್ಫಿ ತಗೋತೀರಿ. ಮುಂದಿನ ಸಲ ತುರ್ತು ಕಾಲುವೆಯನ್ನೂ ನೋಡಿ. ವಿಜಯನಗರದ ಕಾಲದ್ದು, ಇವತ್ತಿಗೂ ಬಾಳೆ, ಭತ್ತಕ್ಕೆ ನೀರು ಕೊಡ್ತಿದೆ. ಈ ಸೀಮೆಯಲ್ಲಿ ನೀರಿದ್ದ ಕಡೆ ಅನ್ನ ಇತ್ತು, ಇಲ್ಲದ ಕಡೆ ಬರ. ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಕಟ್ಟಬೇಕು ಅನ್ನೋ ಯೋಚನೆಯನ್ನ ಆರ್ಥರ್ ಕಾಟನ್ 1860ರಲ್ಲೇ ಮುಂದಿಟ್ಟಿದ್ದ. ಅಡಿಗಲ್ಲು ಬಿದ್ದದ್ದು 1945ರಲ್ಲಿ, ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಮಧ್ಯೆ 93 ವರ್ಷ, ಅದರೊಳಗೆ ಒಂದು ಮಹಾಬರ. ಕಂಪ್ಲಿಯ ಭತ್ತದ ಗದ್ದೆಗಳನ್ನ ನೋಡಿದಾಗ ನನಗನ್ನಿಸೋದು ಇಷ್ಟೇ: ನೋಮಾದಂಥ ರೋಗಕ್ಕೆ ಡ್ಯಾಮೂ ಒಂದು ಔಷಧಿ.

ಆದ್ರೆ ಕಾಲುವೆ ಎಲ್ಲ ಕಡೆಗೂ ಹೋಗಲ್ಲ. ಸಂಡೂರಿನ ಗುಡ್ಡದ ಊರುಗಳು ನೆಚ್ಚಿಕೊಂಡಿರೋದು ಮಳೆಯನ್ನ ಮತ್ತು ಅದಿರನ್ನ. ಇಲ್ಲಿನ ತಾಂಡಾಗಳಿಂದ ಕಬ್ಬು ಕಡಿಯೋಕೆ ಗುಳೆ ಹೋಗುವ ಕುಟುಂಬಗಳ ಜೊತೆ ಚಿಕ್ಕ ಮಕ್ಕಳೂ ಹೋಗ್ತಾರೆ. 2002ರಲ್ಲಿ ಶಾಲೆಯ ಬಿಸಿಯೂಟ ಶುರುವಾದಾಗ ಮೊದಲ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಇತ್ತು. ಒಳ್ಳೇದೇ ಆಯ್ತು. ಆದ್ರೆ ನೋಮಾ ಹುಡುಕೋದು ಶಾಲೆಗೆ ಸೇರೋ ಮುಂಚಿನ ವಯಸ್ಸನ್ನ. ಆ ವಯಸ್ಸಿಗೆ ಇರೋದು ಅಂಗನವಾಡಿ. ಗುಳೆ ಹೋದ ಮಗುವಿನ ಅಂಗನವಾಡಿ ಊರಲ್ಲೇ ಉಳಿದುಬಿಡುತ್ತೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21 ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ 35.4% ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಇಲ್ಲ. 19.5% ಮಂದಿಗೆ ಎತ್ತರಕ್ಕೆ ತಕ್ಕ ತೂಕ ಇಲ್ಲ, ಅಂದ್ರೆ ಐದರಲ್ಲಿ ಒಂದು ಮಗು. ಇವರಿಗೆಲ್ಲ ನೋಮಾ ಬರುತ್ತೆ ಅಂತ ಖಂಡಿತ ಅಲ್ಲ. ಇವತ್ತು ಭಾರತದಲ್ಲಿ ಇದು ಅಪರೂಪ. ವೈದ್ಯಕೀಯ ಪತ್ರಿಕೆಗಳಲ್ಲಿ ಬಿಡಿ ಪ್ರಕರಣಗಳಾಗಿ ಕಾಣಿಸಿಕೊಳ್ಳುತ್ತೆ. ಆದ್ರೆ ಅದು ಬೇರು ಬಿಡೋ ನೆಲ ಇನ್ನೂ ಇದೆ. ರೋಗದ ಲೆಕ್ಕ ಸಿಗದೇ ಇದ್ದಾಗ ಹಸಿವಿನ ಲೆಕ್ಕವನ್ನಾದ್ರೂ ನೋಡಬೇಕು.

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೋಮಾವನ್ನ ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ಓಡಾಡಿದವರಲ್ಲಿ ನೈಜೀರಿಯಾದ ಮುಲಿಕಾತ್ ಒಕನ್ಲಾವೊನ್ ಒಬ್ಬರು. ಚಿಕ್ಕಂದಿನಲ್ಲಿ ನೋಮಾದಿಂದ ಮುಖ ಕಳೆದುಕೊಂಡವರು. ಸೊಕೊಟೊ ಊರಿನ ನೋಮಾ ಆಸ್ಪತ್ರೆಯಲ್ಲಿ ಹಲವು ಆಪರೇಷನ್ ಮಾಡಿಸಿಕೊಂಡು, ಆಮೇಲೆ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ರು. ‘ಇತರೆ’ ಕಾಲಮ್ಮಿನಿಂದ ಎದ್ದು ಬಂದು ತನ್ನ ಹೆಸರು ತಾನೇ ಹೇಳಿದ ಹೆಣ್ಣುಮಗಳು.

ಕೊನೆಗೆ ನಿಮ್ಮ ಕೈಲಿ ಆಗೋ ಒಂದು ಕೆಲಸ. ಸೊರಗಿದ ಮಗುವಿನ ವಸಡಲ್ಲಿ ರಕ್ತ, ಹುಣ್ಣು, ಕೆಟ್ಟ ವಾಸನೆ ಇದ್ದು ಕೆನ್ನೆ ಊದಿದ್ರೆ, ಹಲ್ಲುನೋವು ಅಂತ ಬಿಡಬೇಡಿ. ಅದು ನೋಮಾ ಆಗಿರಲೇಬೇಕು ಅಂತಿಲ್ಲ, ಆದ್ರೂ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ, ಆಶಾ ಅಕ್ಕನಿಗೂ ತಿಳಿಸಿ. ಆ ಹಂತದಲ್ಲಿ ಸಾಮಾನ್ಯ ಆಂಟಿಬಯೋಟಿಕ್, ಬಾಯಿ ಸ್ವಚ್ಛತೆ ಮತ್ತು ಒಳ್ಳೆ ಊಟದಿಂದ ಮಗುವಿನ ಮುಖ ಉಳಿಯುತ್ತೆ. ನಿಮ್ಮ ಊರಲ್ಲಿ ಗುಳೆ ಹೋಗಿ ಬಂದ ಮಕ್ಕಳ ಹೆಸರು ಅಂಗನವಾಡಿ ಪಟ್ಟಿಯಲ್ಲಿ ಮತ್ತೆ ಸೇರಿದೆಯಾ ಅಂತಲೂ ಒಮ್ಮೆ ಕೇಳಿ ನೋಡಿ.

ನಿಮ್ಮನೆ ಹಿರಿಯರ ಹತ್ರ ಬರದ ಕಥೆ ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.