ಕಾಯಿಯ ಸದ್ದು, ಕ್ಯಾಮೆರಾದ ಕಣ್ಣು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರು ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಕಾಯಬೇಕು. ‘ಗಡಗಡ’ ಎಂದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಕಣ್ಣಿಗೆ ಎರಡು ಕಾಯಿಯೂ ಒಂದೇ. ವ್ಯತ್ಯಾಸವನ್ನು ಹೇಳುವುದು ಸದ್ದು. ಚಲನಚಿತ್ರದಲ್ಲಿಯೂ ಹೀಗೆಯೇ. ನಮ್ಮವರು ಇದನ್ನು ಕಲಿತದ್ದು ಹೇಗೆಂದು ನೋಡೋಣ.

ಹಾಸ್ಯನಟ ಟಿ.ಆರ್. ನರಸಿಂಹರಾಜು ತಿಪಟೂರಿನವರು, ನಾಟಕ ಕಂಪನಿಗಳಲ್ಲಿ ಬೆಳೆದವರು. ಅದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯನ್ನು ವೀರಣ್ಣನವರು ನಾಡಿನಲ್ಲೆಲ್ಲ ಹೆಸರುವಾಸಿ ಮಾಡಿದರು. ಆ ಕಾಲದ ರಂಗದಲ್ಲಿ ನಟನ ಮಾತು ಕೊನೆಯ ಸಾಲಿಗೂ ಮುಟ್ಟಬೇಕಿತ್ತು. ಹುಬ್ಬಿನ ಚಲನೆ ಅಷ್ಟು ದೂರಕ್ಕೆ ಕಾಣದು. ಆದ್ದರಿಂದ ಇಡೀ ದೇಹವೇ ಅಭಿನಯಿಸಬೇಕು. ನೋಡುವ ದೂರವನ್ನು ನಿರ್ಧರಿಸುತ್ತಿದ್ದುದು ಪ್ರೇಕ್ಷಕ ಕುಳಿತ ಜಾಗ.

1934ರಲ್ಲಿ ‘ಸತಿ ಸುಲೋಚನ’ದೊಂದಿಗೆ ಕನ್ನಡದ ತೆರೆ ಮಾತನಾಡಿತು. ಅದರ ಪ್ರತಿ ಇಂದು ಉಳಿದಿಲ್ಲವಾದ್ದರಿಂದ, ರಂಗದ ಕಲಾವಿದರನ್ನು ಅದರ ಕ್ಯಾಮೆರಾ ಹೇಗೆ ಕಂಡಿತೆಂದು ನಾವು ನೋಡಲಾರೆವು. 1954ರ ‘ಬೇಡರ ಕಣ್ಣಪ್ಪ’ ಉಳಿದಿದೆ. ನಾಟಕದಿಂದ ಬಂದ ಈ ಚಿತ್ರದಲ್ಲಿ ರಾಜಕುಮಾರ್ ನಾಯಕರಾದರು. ನರಸಿಂಹರಾಜು ತೆರೆಗೆ ಬಂದರು. ಇಲ್ಲಿ ದೂರವನ್ನು ನಿರ್ಧರಿಸುವುದು ಕ್ಯಾಮೆರಾ. ಸಮೀಪ ಚಿತ್ರಿಕೆಯಲ್ಲಿ ಒಂದು ಕಣ್ಣೋಟ ಸಾಕು. ಮೈಕಿನ ಮುಂದೆ ಪಿಸುಮಾತೂ ಸಾಕು.

ಬೆಳಕಿಗೂ ಭಾಷೆಯಿದೆ. ಹೆಂಚಿನ ಸಂದಿಯಿಂದ ಅಟ್ಟಕ್ಕೆ ಇಳಿಯುವ ಬಿಸಿಲುಕೋಲು ನಮಗೆ ಕಾಣುವುದು ಗಾಳಿಯ ದೂಳು ಬೆಳಕನ್ನು ಚೆದುರಿಸುವುದರಿಂದ. ಮೈಸೂರಿನ ವಿ.ಕೆ. ಮೂರ್ತಿಯವರು 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ಗಾಗಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಅಂಥದೇ ಬೆಳಕಿನ ಕಂಬವನ್ನು ನಿಲ್ಲಿಸಿದರು. ಒಂದಾಗಲಾರದ ಇಬ್ಬರ ವೇದನೆಯನ್ನು ಅದು ಮಾತಿಲ್ಲದೆ ಹೇಳಿತು.

1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂತು, ಕ್ಯಾಮೆರಾ ಎಸ್. ರಾಮಚಂದ್ರ, ಸಂಗೀತ ಬಿ.ವಿ. ಕಾರಂತ. ಗರ್ಭಿಣಿಯಾದ ವಿಧವೆ ಯಮುನಾಳಿಗೆ, ಆಕೆ ಬದುಕಿರುವಾಗಲೇ ತಂದೆ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾವು ಕಾಣುವುದು ನಾಣಿ ಎಂಬ ಹುಡುಗನೊಂದಿಗೆ. ಅಗ್ರಹಾರದ ಹಿರಿಯರ ಪಕ್ಕದಲ್ಲಿ ನಿಂತಿದ್ದರೆ ಆಕೆ ಅಪರಾಧಿ. ಹುಡುಗನ ಪಕ್ಕದಲ್ಲಿ ನಿಂತರೆ ಆಕೆ ಅಕ್ಕರೆಯ ಯಮುನಕ್ಕ. ಘಟನೆ ಒಂದೇ, ನಿಂತ ಜಾಗ ತೀರ್ಪನ್ನು ಬದಲಿಸಿತು.

ಈ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ. ಕೊಬ್ಬರಿ ಬೆಲೆ ಕುಸಿದ ದಿನ ಮಾರುಕಟ್ಟೆಯಲ್ಲಿ ಕುಳಿತಿದ್ದ ರೈತರೊಬ್ಬರನ್ನು ಚಿತ್ರೀಕರಿಸಿದ್ದೆ. ಹರಾಜಿನ ಗದ್ದಲ ಕರ್ಕಶವೆನಿಸಿ ಅದನ್ನು ತೆಗೆದು ವೀಣೆಯ ನಾದ ಸೇರಿಸಿದೆ. ಪ್ರಸಾರದ ನಂತರ ಹಿರಿಯ ಸಹೋದ್ಯೋಗಿಯೊಬ್ಬರು, “ಪಾಪ, ಎಷ್ಟು ನೆಮ್ಮದಿಯ ಮುಖವಯ್ಯಾ!” ಎಂದರು. ನಾನು ಮುಖವನ್ನು ಮುಟ್ಟಿರಲಿಲ್ಲ. ಆದರೂ ಆ ಮನುಷ್ಯನ ಸಂಕಟವನ್ನು ಅಳಿಸಿಹಾಕಿದ್ದೆ.

ಆದ್ದರಿಂದ ವಿದ್ಯಾರ್ಥಿಗಳೇ, ಇಂದು ಯಾವುದಾದರೂ ದೃಶ್ಯವನ್ನು ಒಮ್ಮೆ ಸದ್ದಿಲ್ಲದೆ ನೋಡಿ; ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಆಮೇಲೆ ಕೇಳಿಕೊಳ್ಳಿ: ನನ್ನನ್ನು ಇಲ್ಲಿ ಯಾರ ಪಕ್ಕದಲ್ಲಿ ನಿಲ್ಲಿಸಿದ್ದಾರೆ? ಯಾವ ಸದ್ದನ್ನು ನನ್ನಿಂದ ಮರೆಮಾಡಿದ್ದಾರೆ?